ಓಪನಿಂಗ್‌ಗೆ ಒಂದು ಎನ್, ಬಿಗಿನಿಂಗ್‌ಗೆ ಎರಡು ಎನ್ ಯಾಕೆ?

ಪದಪ್ರೇಮಿ
ಇಂಗ್ಲಿಷ್ ಕ್ರಿಯಾಪದಕ್ಕೆ ಇ-ಡಿ ಅಥವಾ ಐ-ಎನ್-ಜಿ ಸೇರಿಸುವಾಗ ಕೊನೆಯ ಅಕ್ಷರ ಯಾವಾಗ ಎರಡಾಗುತ್ತದೆ? "ಚಿಕ್ಕ ಪದ, ಕೊನೆಗೆ ಒಂದು ಸ್ವರ, ಒಂದು ವ್ಯಂಜನ ಇದ್ದರೆ ವ್ಯಂಜನ ಎರಡು ಮಾಡು" ಅನ್ನೋ ನಿಯಮ ಗೊತ್ತು. ಸ್ಟಾಪ್, ರಬ್, ಪ್ಲಾನ್, ಬೆಗ್ ಎಲ್ಲದಕ್ಕೂ ಅದು ಸರಿಹೋಗುತ್ತದೆ. ಪದ ಸ್ವಲ್ಪ ಉದ್ದ ಆದ ಕೂಡಲೇ ಕೈ ಕೊಡುತ್ತದೆ. ಓಪನ್‌ಗೆ ಐ-ಎನ್-ಜಿ ಹಾಕಿದರೆ ಎನ್ ಒಂದೇ. ಬಿಗಿನ್‌ಗೆ ಹಾಕಿದರೆ ಎರಡು. ವಿಸಿಟ್‌ಗೆ ಟಿ ಒಂದು, ಅಡ್ಮಿಟ್‌ಗೆ ಎರಡು. ನೋಡಲು ಎಲ್ಲದರ ಕೊನೆಯೂ ಒಂದೇ ಥರ ಇದೆ. ಇದಕ್ಕೆ ಕಾರಣ ಇದೆಯಾ, ಇಲ್ಲ ಸುಮ್ನೆ ಬಾಯಿಪಾಠ ಮಾಡಬೇಕಾ?

ಕೀಬೋರ್ಡ್ ವೀರ
ಸ್ಪೆಲ್‌ಚೆಕ್ ಇದೆಯಲ್ಲ? ಕೆಂಪು ಗೆರೆ ಬಂದರೆ ತಿದ್ದಿ, ಬರದಿದ್ದರೆ ಮುಂದೆ ಹೋಗಿ. ಇಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಪ್ರೂಫ್ ನೋಡುವವಳು
ಕೆಂಪು ಗೆರೆ ಬರುವುದಿಲ್ಲ, ಅದೇ ತೊಂದರೆ. ಹೋಪ್ ಅಂದರೆ ಆಶಿಸು, ಹಾಪ್ ಅಂದರೆ ಒಂಟಿ ಕಾಲಲ್ಲಿ ಕುಪ್ಪಳಿಸು. ಐ-ಎನ್-ಜಿ ಸೇರಿದಾಗ ಮೊದಲನೆಯದಕ್ಕೆ ಪಿ ಒಂದು, ಎರಡನೆಯದಕ್ಕೆ ಎರಡು. "ನಿಮ್ಮ ಉತ್ತರದ ನಿರೀಕ್ಷೆಯಲ್ಲಿದ್ದೇನೆ" ಅಂತ ಬರೆಯಲು ಹೋಗಿ ಪಿ ಎರಡು ಹಾಕಿದರೆ ಉತ್ತರಕ್ಕಾಗಿ ಕುಪ್ಪಳಿಸುತ್ತಿದ್ದೇನೆ ಅಂತಾಗುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳು, ಹಾಗಾಗಿ ಪದವನ್ನಷ್ಟೇ ನೋಡುವ ಸ್ಪೆಲ್‌ಚೆಕ್ ಏನೂ ಹೇಳುವುದಿಲ್ಲ.

ಸಿನಿಮಾ ಪೋಸ್ಟರ್ ಮೇಲೆ ನಾಯಕನ ಹೆಸರಿನ ಹಿಂದೆ ಬರುವ ಸ್ಟಾರಿಂಗ್‌ಗೆ ಆರ್ ಎರಡು ಬೇಕು. ಒಂದೇ ಹಾಕಿದರೆ ಅದು ಸ್ಟೇರಿಂಗ್. ನಾಯಕ ನಟಿಸುತ್ತಿಲ್ಲ, ಬರೀ ದುರುಗುಟ್ಟಿ ನೋಡುತ್ತಿದ್ದಾನೆ. ಪ್ಲಾನಿಂಗ್‌ನಲ್ಲಿ ಒಂದು ಎನ್ ಬಿಟ್ಟರೆ ಉಜ್ಜುಗೊರಡು ಹಿಡಿದು ಮರ ನುಣುಪು ಮಾಡುವ ಕೆಲಸವಾಗುತ್ತದೆ. ಯೋಜನೆಯನ್ನು ಕೈಬಿಟ್ಟರು ಅನ್ನೋದಕ್ಕೆ ಸ್ಕ್ರ್ಯಾಪ್, ಅಲ್ಲಿ ಪಿ ಎರಡು. ಪಿ ಒಂದಾದರೆ ಯೋಜನೆಯನ್ನು ಕೆರೆದರು!

ಹಳೇ ಮೇಷ್ಟ್ರು
ಪದಪ್ರೇಮಿ, ಕಾರಣ ಇದೆ. ನಿಯಮಗಳ ಪಟ್ಟಿ ಪಕ್ಕಕ್ಕಿಡಿ. ಇ-ಡಿ, ಐ-ಎನ್-ಜಿ ಥರದ ಬಾಲ ಸೇರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಹೀಗೆ ಬರೆದರೆ ಓದುವವರು ಮೂಲ ಪದವನ್ನು ತಪ್ಪಾಗಿ ಉಚ್ಚರಿಸುತ್ತಾರಾ? ಹೌದು ಅಂತಾದರೆ ಏನಾದರೂ ಕಾವಲು ಹಾಕಬೇಕು. ಆ ಕಾವಲು ಕೆಲವು ಕಡೆ ಎರಡನೇ ವ್ಯಂಜನ, ಕೆಲವು ಕಡೆ ಕೆ ಅಕ್ಷರ, ಕೆಲವು ಕಡೆ ಬಿಡದೆ ಉಳಿಸಿಕೊಂಡ ಇ.

ನಮಗೆ ಹ್ರಸ್ವ-ದೀರ್ಘ ಚಿಕ್ಕಂದಿನಿಂದ ಗೊತ್ತು, ಅದನ್ನೇ ಇಲ್ಲಿಗೆ ತನ್ನಿ. ಆದರೆ ಇಂಗ್ಲಿಷಿನ ದೀರ್ಘ ಅಂದರೆ ಅದೇ ಸ್ವರವನ್ನು ಎಳೆಯುವುದಲ್ಲ. ಸುಮಾರು 15ರಿಂದ 17ನೇ ಶತಮಾನದ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಜಾಗ ಬದಲಾಯಿಸಿದವು, ಬರಹ ಮಾತ್ರ ಹಳೆಯದೇ ಉಳಿಯಿತು. ಅದಕ್ಕೇ ಐ ಅಕ್ಷರದ ಹ್ರಸ್ವ "ಇ", ದೀರ್ಘ "ಐ". ಎ ಅಕ್ಷರದ ಹ್ರಸ್ವ ಪ್ಲಾನ್‌ನಲ್ಲಿರುವ ಸ್ವರ, ದೀರ್ಘ ಪ್ಲೇನ್‌ನಲ್ಲಿರುವ "ಏ". ಓ ಅಕ್ಷರದ ಹ್ರಸ್ವ ಹಾಪ್‌ನಲ್ಲಿ, ದೀರ್ಘ ಹೋಪ್‌ನಲ್ಲಿ.

ಇಂಗ್ಲಿಷ್ ಓದುವವರ ಕಣ್ಣು ಹೀಗೆ ಪಳಗಿರುತ್ತದೆ: ಸ್ವರ, ಒಂದೇ ವ್ಯಂಜನ, ಮತ್ತೆ ಸ್ವರ ಬಂದರೆ ಮೊದಲ ಸ್ವರ ದೀರ್ಘ ಇರಬೇಕು. ನಡುವೆ ಎರಡು ವ್ಯಂಜನ ಇದ್ದರೆ ಹ್ರಸ್ವ. ಇದನ್ನು ಒಂದೇ ಪದದಲ್ಲಿ ನೋಡಬೇಕು ಅಂದರೆ ಬರೆಯುವುದಕ್ಕೆ ಇರುವ ರೈಟ್ ತಗೊಳ್ಳಿ. ರೈಟಿಂಗ್‌ಗೆ ಟಿ ಒಂದು, ಯಾಕೆಂದರೆ ಸ್ವರ ದೀರ್ಘ. ರಿಟನ್‌ಗೆ ಟಿ ಎರಡು, ಯಾಕೆಂದರೆ ಅಲ್ಲಿ ಸ್ವರ ಹ್ರಸ್ವವಾಯಿತು. ಬೈಟಿಂಗ್, ಬಿಟನ್ ಹಾಗೇ. ಹೈಡಿಂಗ್, ಹಿಡನ್ ಹಾಗೇ. ರೈಡಿಂಗ್, ರಿಡನ್ ಕೂಡ ಹಾಗೇ. ರೈಟಿಂಗ್‌ಗೆ ಎರಡು ಟಿ ಹಾಕುವವರು ತುಂಬಾ ಜನ. ರಿಟನ್‌ನಲ್ಲಿ ನೋಡಿದ ಎರಡು ಟಿ ಕೈಗೆ ಅಂಟಿಕೊಂಡಿರುತ್ತದೆ.

ಸುಮ್ನೆ ಓದುಗ
ಇದು ಚೆನ್ನಾಗಿದೆ. ಆದರೆ ಎರಡು ಟಿ ಇದ್ದರೂ ಇಂಗ್ಲಿಷಿನವರು ಒತ್ತಿ ಹೇಳುವುದಿಲ್ಲ ಅಲ್ವಾ? ನಾವು ಕತೆ, ಕತ್ತೆ ಬೇರೆ ಬೇರೆ ಹೇಳುತ್ತೇವೆ. ಅವರಿಗೆ ಆ ವ್ಯತ್ಯಾಸವೇ ಇಲ್ಲ.

ಹಳೇ ಮೇಷ್ಟ್ರು
ಈಗ ಇಲ್ಲ. ಹಳೇ ಇಂಗ್ಲಿಷಿನಲ್ಲಿ ಇತ್ತು, ನಮ್ಮ ಒತ್ತಕ್ಷರದ ಹಾಗೆ ನಿಜವಾಗಲೂ ಒತ್ತಿ ಹೇಳುತ್ತಿದ್ದರು. ಆಮೇಲೆ ಆ ಉಚ್ಚಾರ ಸವೆದುಹೋಯಿತು. ಕೆಲಸ ಕಳೆದುಕೊಂಡ ಜೋಡಿ ಅಕ್ಷರಕ್ಕೆ "ಹಿಂದಿನ ಸ್ವರ ಹ್ರಸ್ವ" ಅಂತ ತೋರಿಸುವ ಹೊಸ ಕೆಲಸ ಸಿಕ್ಕಿತು. 12ನೇ ಶತಮಾನದಲ್ಲಿ ಓರ್ಮ್ ಅನ್ನೋ ಒಬ್ಬ ಕ್ರೈಸ್ತ ಸನ್ಯಾಸಿ ಹ್ರಸ್ವ ಸ್ವರದ ಮುಂದೆ ವ್ಯಂಜನ ಎರಡು ಬರೆಯುವುದನ್ನು ಎಷ್ಟು ಶಿಸ್ತಾಗಿ ಮಾಡಿದ ಅಂದರೆ, ಆಗಿನ ಉಚ್ಚಾರ ಹೇಗಿತ್ತು ಅಂತ ತಿಳಿಯಲು ವಿದ್ವಾಂಸರು ಇವತ್ತಿಗೂ ಅವನ ಬರಹ ನೋಡುತ್ತಾರೆ.

ಹಾಗಾಗಿ ನಮ್ಮ ಕಿವಿ, ನಮ್ಮ ಲಿಪಿ ಎರಡನ್ನೂ ಇಲ್ಲಿ ನಂಬಬೇಡಿ. ಕನ್ನಡದಲ್ಲಿ ರನ್ನಿಂಗ್ ಅಂತ ಒತ್ತು ಕೊಟ್ಟು ಬರೆಯುತ್ತೇವೆ, ಬ್ಯಾಟಿಂಗ್‌ಗೆ ಕೊಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಜೋಡಿ ಅಕ್ಷರವೇ.

ಸುಮ್ನೆ ಓದುಗ
ಹಾಗಾದರೆ ಕಮಿಂಗ್? ಸ್ವರ ಹ್ರಸ್ವ, ಆದರೂ ಎಂ ಒಂದೇ. ಗಿವಿಂಗ್, ಹ್ಯಾವಿಂಗ್, ಲವಿಂಗ್ ಕೂಡ.

ಪ್ರೂಫ್ ನೋಡುವವಳು
ಒಳ್ಳೇ ಜಾಗಕ್ಕೇ ಚುಚ್ಚಿದಿರಿ. ಆ ನಾಲ್ಕೂ ಮೂಲದಲ್ಲಿ ಇ ಅಕ್ಷರದಿಂದ ಮುಗಿಯುತ್ತವೆ. ಇ ಬಿದ್ದುಹೋಗುತ್ತದೆ, ಬಾಲ ಬಂದು ಕೂರುತ್ತದೆ, ಅಷ್ಟೇ. ಮೂಲ ಪದವೇ ಉಚ್ಚಾರಕ್ಕೆ ಮೋಸ ಮಾಡಿದೆ, ಬಾಲದ ತಪ್ಪೇನಿಲ್ಲ. ಇಂಗ್ಲಿಷಿನಲ್ಲಿ ಪದವನ್ನು ವಿ ಅಕ್ಷರದಿಂದ ಮುಗಿಸುವ ರೂಢಿ ಇರಲಿಲ್ಲ, ಅದಕ್ಕೇ ಗಿವ್, ಹ್ಯಾವ್, ಲವ್ ಎಲ್ಲಕ್ಕೂ ಕೆಲಸವಿಲ್ಲದ ಒಂದು ಇ ಅಂಟಿಸಿದ್ದಾರೆ. ವಿ ಎರಡಾಗುವುದು ತೀರಾ ಅಪರೂಪ. ಗಾಡಿಯ ಎಂಜಿನ್ ರೆವ್ ಮಾಡುವುದು ಹೊಸ ಪದ, ಅದಕ್ಕೆ ಇ ಇಲ್ಲ, ಹಾಗಾಗಿ ಅಲ್ಲಿ ವಿ ಎರಡು.

ಇನ್ನೊಂದು ವಿಷಯ. ಈ ನಿಯಮ ಕೊನೆಗೆ ಅಕ್ಷರವನ್ನೇ ಎಣಿಸುತ್ತದೆ. ಕುಕ್, ಲುಕ್ ಹ್ರಸ್ವವಾಗಿ ಕೇಳಿಸಿದರೂ ಓ ಎರಡಿದೆ. ಸ್ಪ್ರೆಡ್‌ನಲ್ಲಿ ಇ, ಎ ಎರಡಿವೆ. ಸ್ವರಾಕ್ಷರ ಎರಡಿದ್ದರೆ ವ್ಯಂಜನ ಎರಡು ಮಾಡುವ ಮಾತಿಲ್ಲ. ಕ್ವಿಟ್, ಇಕ್ವಿಪ್ ಮಾತ್ರ ಕಣ್ಣಿಗೆ ಮಣ್ಣೆರಚುತ್ತವೆ. ಕ್ಯೂ ಆದಮೇಲೆ ಬರುವ ಯು ಸ್ವರ ಅಲ್ಲ, ಅದು "ವ". ಹಾಗಾಗಿ ಅಲ್ಲಿ ಐ ಒಂದೇ ಸ್ವರ, ಟಿ ಮತ್ತು ಪಿ ಎರಡಾಗುತ್ತವೆ. ಎಕ್ಸ್ ಎರಡಾಗುವುದಿಲ್ಲ, ಅದರೊಳಗೇ "ಕ್ಸ್" ಅಂತ ಎರಡು ವ್ಯಂಜನ ಇದೆ. ಶೋ, ಪ್ಲೇ ಥರದ ಪದಗಳ ಕೊನೆಯ ಡಬ್ಲ್ಯೂ, ವೈ ಸ್ವರದ ಪಾಲಿಗೇ ಸೇರಿದವು, ಅವನ್ನೂ ಮುಟ್ಟಬೇಡಿ.

ಪದಪ್ರೇಮಿ
ಎಲ್ಲ ಸರಿ, ನನ್ನ ಪ್ರಶ್ನೆ ಹಾಗೇ ಉಳಿಯಿತು. ಓಪನ್, ಬಿಗಿನ್?

ಹಳೇ ಮೇಷ್ಟ್ರು
ಬಂದೆ. ಉದ್ದ ಪದದಲ್ಲಿ ಕಾವಲು ಬೇಕಾಗುವುದು ಕೊನೆಯ ತುಣುಕಿನ ಮೇಲೆ ಒತ್ತು ಬಿದ್ದಾಗ ಮಾತ್ರ. ಒತ್ತು ಅಂದರೆ ಒತ್ತಕ್ಷರ ಅಲ್ಲ, ದನಿ ಏರಿಸಿ ಹೇಳುವ ಜಾಗ. ಬಿಗಿನ್‌ನಲ್ಲಿ ದನಿ "ಗಿನ್" ಮೇಲೆ ಏರುತ್ತದೆ. ಓಪನ್‌ನಲ್ಲಿ "ಓ" ಮೇಲೆ. ವಿಸಿಟ್‌ನಲ್ಲಿ ಮೊದಲ ತುಣುಕು, ಅಡ್ಮಿಟ್‌ನಲ್ಲಿ ಎರಡನೆಯದು. ದನಿ ಇಲ್ಲದ ತುಣುಕಿನ ಸ್ವರ ಹೇಗೂ ಕುಗ್ಗಿಹೋಗಿರುತ್ತದೆ. ಅದನ್ನು ಯಾರೂ ದೀರ್ಘವಾಗಿ ಓದಲು ಹೋಗುವುದಿಲ್ಲ, ಹಾಗಾಗಿ ಕಾವಲು ಬೇಡ.

ನಮಗೆ ಕಷ್ಟ ಇರುವುದೂ ಇಲ್ಲೇ. ಕನ್ನಡದಲ್ಲಿ ಪದದ ಯಾವ ತುಣುಕಿಗೆ ದನಿ ಏರಿಸಿದರೂ ಅರ್ಥ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಡಿಫರ್ ಅಂತ ಎರಡು ಪದ ಇವೆ. ಭಿನ್ನವಾಗು ಅನ್ನುವ ಡಿಫರ್‌ಗೆ ದನಿ ಮೊದಲ ತುಣುಕಿನ ಮೇಲೆ. ಮುಂದೂಡು ಅನ್ನುವುದಕ್ಕೆ ಕೊನೆಯ ತುಣುಕಿನ ಮೇಲೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ. ಇಂಗ್ಲಿಷಿನಲ್ಲಿ ಮೊದಲನೆಯದರ ಇ-ಡಿ ರೂಪಕ್ಕೆ ಆರ್ ಒಂದು, ಎರಡನೆಯದಕ್ಕೆ ಎರಡು.

ನಾನು ಮಕ್ಕಳಿಗೆ ಹೇಳಿಕೊಡುವ ಉಪಾಯಕ್ಕೆ ನುಂಗಿ ನೋಡುವುದು ಅಂತ ಹೆಸರು. ಆಡುಮಾತಿನಲ್ಲಿ ಮಾಡುತ್ತೀನಿ ಅನ್ನುವುದು ಮಾಡ್ತೀನಿ ಆಗುತ್ತದಲ್ಲ, ಹಾಗೆ ಕೊನೆಯ ಸ್ವರವನ್ನು ನುಂಗಿ. ಓಪ್ನ್, ಲಿಸ್ನ್, ಹ್ಯಾಪ್ನ್, ಡೆವೆಲ್ಪ್, ಫೋಕ್ಸ್. ಪದ ಇನ್ನೂ ಗುರುತು ಸಿಗುತ್ತದಾ? ಹಾಗಾದರೆ ಒಂದೇ ಅಕ್ಷರ ಸಾಕು. ಈಗ ಬಿಗಿನ್ ನುಂಗಿ: ಬಿಗ್ನ್. ಅಡ್ಮಿಟ್: ಅಡ್ಮ್ಟ್. ಯಾರಿಗೂ ಅರ್ಥವಾಗಲ್ಲ. ಎರಡು ಹಾಕಿ. ನಿಘಂಟಿನಲ್ಲಿ ಖಚಿತ ಮಾಡಿಕೊಳ್ಳಬೇಕೆಂದರೆ ಉಚ್ಚಾರ ಕೊಟ್ಟಿರುವ ಕಡೆ ಮೇಲ್ಗಡೆ ಒಂದು ಚಿಕ್ಕ ನೇರ ಗೆರೆ ಇರುತ್ತದೆ. ಅದರ ಮುಂದಿನ ತುಣುಕಿನ ಮೇಲೆ ದನಿ.

ಪದಪ್ರೇಮಿ
ನುಂಗುವುದು ತುಂಬಾ ಇಷ್ಟವಾಯಿತು. ಫಾರ್ಮ್ಯಾಟ್ ನುಂಗಿ ನೋಡಿದೆ. ಫಾರ್ಮ್ಟ್ ಅಂತ ಯಾರೂ ಅನ್ನಲ್ಲ. ಆದರೆ ದನಿ ಮೊದಲ ತುಣುಕಿನ ಮೇಲಲ್ವಾ? ಹಾಗಾದರೆ ಟಿ ಒಂದಾ, ಎರಡಾ?

ಹಳೇ ಮೇಷ್ಟ್ರು
ಎರಡು! ನೋಡಿ, ಒತ್ತಿನ ನಿಯಮಕ್ಕಿಂತ ನುಂಗುವುದೇ ಇಲ್ಲಿ ಸರಿಯಾದ ಉತ್ತರ ಕೊಟ್ಟಿತು. ಫಾರ್ಮ್ಯಾಟ್‌ನ ಕೊನೆಯ ಸ್ವರಕ್ಕೆ ದನಿ ಏರದಿದ್ದರೂ ಅದು ಕುಗ್ಗಿಲ್ಲ, ಪೂರ್ತಿ ಉಳಿದಿದೆ. ಒಂದೇ ಟಿ ಹಾಕಿದರೆ "ಫಾರ್ಮೇಟಿಂಗ್" ಅಂತ ಓದುವ ಅಪಾಯ. ಕಿಡ್ನ್ಯಾಪ್‌ಗೂ ಜಿಗ್‌ಜ್ಯಾಗ್‌ಗೂ ಇದೇ ಕಾರಣ. ವರ್ಶಿಪ್ ಮಾತ್ರ ಎಲ್ಲರಿಗೂ ಕೈ ಕೊಡುತ್ತದೆ, ಬ್ರಿಟಿಷರು ಕಾರಣವಿಲ್ಲದೆ ಪಿ ಎರಡು ಹಾಕುತ್ತಾರೆ.

ಪ್ರೂಫ್ ನೋಡುವವಳು
ದನಿ ಹಿಡಿಯಲು ಆಗದವರಿಗೆ ನನ್ನದೊಂದು ಕಣ್ಣಿನ ಉಪಾಯ. "ಫರ್" ಅಂತ ಮುಗಿಯುವ ಪದಗಳಲ್ಲಿ ಎಫ್ ಎರಡಿದ್ದರೆ ಆರ್ ಒಂದೇ: ಆಫರ್, ಸಫರ್, ಭಿನ್ನವಾಗುವ ಡಿಫರ್, ಬಫರ್. ಎಫ್ ಒಂದಿದ್ದರೆ ಆರ್ ಎರಡು: ರೆಫರ್, ಪ್ರಿಫರ್, ಟ್ರಾನ್ಸ್‌ಫರ್, ಇನ್‌ಫರ್, ಕನ್‌ಫರ್, ಮುಂದೂಡುವ ಡಿಫರ್. ಚಿಲ್ಲರೆ ಕಳ್ಳತನ ಮಾಡುವ ಪಿಲ್ಫರ್ ಒಂದು ತಪ್ಪಿಸಿಕೊಳ್ಳುತ್ತದೆ, ಕಳ್ಳ ತಾನೇ, ಬಿಟ್ಟುಬಿಡಿ.

"ಮಿಟ್" ಅಂತ ಮುಗಿಯುವುದರಲ್ಲಿ ಲಿಮಿಟ್, ವಾಮಿಟ್ ಬಿಟ್ಟು ನೀವು ದಿನಾ ಬರೆಯುವ ಎಲ್ಲಕ್ಕೂ ಟಿ ಎರಡು: ಕಮಿಟ್, ಸಬ್‌ಮಿಟ್, ಪರ್ಮಿಟ್, ಓಮಿಟ್, ಟ್ರಾನ್ಸ್‌ಮಿಟ್. "ಕರ್" ಅಂತ ಮುಗಿಯುವ, ಸಂಭವಿಸು ಅನ್ನುವ ಅಕರ್, ಜೊತೆಗೆ ರಿಕರ್, ಇನ್‌ಕರ್ ಎಲ್ಲಕ್ಕೂ ಆರ್ ಎರಡು. ನಾನು ಅತಿ ಹೆಚ್ಚು ತಿದ್ದುವ ಪದ ಅಕರ್ಡ್. ಸಿ ಎರಡು ಹಾಕಿದ ಖುಷಿಯಲ್ಲಿ ಎರಡನೇ ಆರ್ ಮರೆತಿರುತ್ತಾರೆ.

ಪ್ರಿಫರ್ ಬಗ್ಗೆ ಒಂದು ಎಚ್ಚರಿಕೆ. ಪ್ರಿಫರಿಂಗ್‌ಗೆ ಆರ್ ಎರಡು, ಪ್ರಿಫರೆನ್ಸ್‌ಗೆ ಒಂದು. ಬಾಲ ಬದಲಾದಾಗ ದನಿ ಮೊದಲ ತುಣುಕಿಗೆ ಹಾರಿತು, ಕಾವಲು ಬೇಡವಾಯಿತು. ರೆಫರಿಂಗ್, ರೆಫರೆನ್ಸ್ ಕೂಡ ಹೀಗೇ.

ಅಟ್ಲಾಂಟಿಕ್ ಆಚೆ
ಟ್ರಾವೆಲ್ ನುಂಗಿದರೆ ಟ್ರ್ಯಾವ್ಲ್. ಗುರುತು ಸಿಗುತ್ತದೆ. ಅಂದರೆ ಎಲ್ ಒಂದೇ ಸಾಕು. ಆದರೂ ಬ್ರಿಟಿಷರು ಎರಡು ಬರೆಯುತ್ತಾರೆ. ಅಮೆರಿಕನ್ನರೇ ಸರಿ ಅಂತಾಯ್ತಲ್ಲ?

ಹಳೇ ಮೇಷ್ಟ್ರು
ನಿಯಮದ ಪ್ರಕಾರ ಅವರೇ ಸರಿ, ಒಪ್ಪಿದೆ. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1828ರ ತನ್ನ ನಿಘಂಟಿನಲ್ಲಿ ಒಂದೇ ಎಲ್ ಇಟ್ಟದ್ದು ಇದೇ ತರ್ಕದಿಂದ. ಬ್ರಿಟಿಷರಿಗೆ ಎಲ್ ಕಂಡರೆ ಏನೋ ಪ್ರೀತಿ. ದನಿ ಎಲ್ಲೇ ಇರಲಿ, ಟ್ರಾವೆಲ್, ಕ್ಯಾನ್ಸಲ್, ಲೇಬಲ್, ಮಾಡೆಲ್, ಸಿಗ್ನಲ್ ಎಲ್ಲಕ್ಕೂ ಎರಡು ಹಾಕುತ್ತಾರೆ. ಪ್ಯಾರಲಲ್‌ಗೆ ಮಾತ್ರ ಅವರೂ ನಿಲ್ಲಿಸಿದ್ದಾರೆ, ನಡುವೆ ಈಗಾಗಲೇ ಎರಡು ಎಲ್ ಇವೆ, ಕೊನೆಗೊಂದು ಬೇರೆ. ಕಂಟ್ರೋಲ್, ಕಂಪೆಲ್, ರೆಬೆಲ್ ವಿಷಯದಲ್ಲಿ ಜಗಳ ಇಲ್ಲ. ದನಿ ಕೊನೆಗೆ ಇದೆ, ಎರಡೂ ಕಡೆ ಎಲ್ ಎರಡೇ.

ಅಟ್ಲಾಂಟಿಕ್ ಆಚೆ
ಫುಲ್‌ಫಿಲ್?

ಪ್ರೂಫ್ ನೋಡುವವಳು
ಅದು ತಿರುಗುಮುರುಗು. ಮೂಲ ಪದದ ಕೊನೆಗೆ ಬ್ರಿಟಿಷರು ಒಂದು ಎಲ್, ಅಮೆರಿಕನ್ನರು ಎರಡು. ಇ-ಡಿ ಸೇರಿದ ಮೇಲೆ ಇಬ್ಬರದ್ದೂ ಒಂದೇ. ಎನ್‌ರೋಲ್ ಕೂಡ ಹಾಗೇ. ಯಾವುದೋ ಒಂದು ಕಡೆ ಹಿಡಿದುಕೊಳ್ಳಿ, ಒಂದೇ ಬರಹದಲ್ಲಿ ಎರಡನ್ನೂ ಕಲಸಬೇಡಿ. ಫೋನು, ಕಂಪ್ಯೂಟರಿನ ಭಾಷಾ ಸೆಟ್ಟಿಂಗ್‌ನಲ್ಲಿ ಬ್ರಿಟಿಷ್ ಇದೆಯೋ ಅಮೆರಿಕನ್ ಇದೆಯೋ ಒಮ್ಮೆ ನೋಡಿ. "ಸರಿಯಾಗಿ ಬರೆದರೂ ಕೆಂಪು ಗೆರೆ ಬರುತ್ತಿದೆ" ಅನ್ನುವ ದೂರಿನಲ್ಲಿ ಅರ್ಧ ಅಲ್ಲೇ ಬಗೆಹರಿಯುತ್ತದೆ. ಫೋಕಸ್ ಬಗ್ಗೆ ಜಗಳ ಆಡುವವರಿಗೆ: ಬ್ರಿಟಿಷ್ ನಿಘಂಟುಗಳು ಎಸ್ ಒಂದು, ಎಸ್ ಎರಡು ಎರಡನ್ನೂ ಒಪ್ಪುತ್ತವೆ. ನನ್ನ ಕೈಗೆ ಬಂದರೆ ಒಂದನ್ನೇ ಉಳಿಸುತ್ತೇನೆ.

ಕೀಬೋರ್ಡ್ ವೀರ
ಸರಿ, ನಾನೂ ಸೋತೆ. ಡೈಯಿಂಗ್ ಹೇಳಿ. ಕೂದಲಿಗೆ ಬಣ್ಣ ಹಾಕುವುದಕ್ಕೂ ಸಾಯುವುದಕ್ಕೂ ಒಂದೇ ಉಚ್ಚಾರ.

ಹಳೇ ಮೇಷ್ಟ್ರು
ಇಲ್ಲಿ ಕಾವಲುಗಾರ ಇ ಅಕ್ಷರ. ಬಣ್ಣ ಹಾಕುವುದರ ಮೂಲದಲ್ಲಿ ಡಿ-ವೈ-ಇ ಇದೆ, ಅದರ ಇ ಬಿಡಬಾರದು. ಬಿಟ್ಟರೆ ಕೂದಲು ಸಾಯುತ್ತದೆ. ಬೆಂಕಿಯಲ್ಲಿ ಸ್ವಲ್ಪ ಸುಡುವುದಕ್ಕೆ ಸಿಂಜ್ ಅಂತ ಪದ ಇದೆ. ಅಲ್ಲೂ ಇ ಉಳಿಯಬೇಕು, ಇಲ್ಲದಿದ್ದರೆ ಸಿಂಗಿಂಗ್ ಆಗಿ ಹಾಡಲು ಶುರುಮಾಡುತ್ತದೆ. ಚೇಂಜ್‌ಗೆ ಆ ಭಯ ಇಲ್ಲ, ಇ ತೆಗೆದರೆ ಬೇರೆ ಯಾವ ಪದಕ್ಕೂ ಡಿಕ್ಕಿ ಹೊಡೆಯುವುದಿಲ್ಲ. ಸೀ, ಅಗ್ರೀ, ಫ್ರೀ ಪದಗಳಿಗೆ ಐ-ಎನ್-ಜಿ ಸೇರಿದಾಗ ಎರಡು ಇ ಹಾಗೇ ಇರುತ್ತವೆ. ಅಗ್ರೀ, ಫ್ರೀಗೆ ಇ-ಡಿ ಸೇರಿಸುವಾಗ ಮಾತ್ರ ಸಾಲಾಗಿ ಮೂರು ಇ ಬರಬಾರದು ಅಂತ ಒಂದನ್ನು ಬಿಡುತ್ತಾರೆ.

ಸಾಯುವ ಡೈಗೆ ಬೇರೆ ಕಥೆ. ಅದರ ಕೊನೆಗೆ ಐ-ಇ ಇದೆ. ಇ ಬಿಟ್ಟರೆ ಎರಡು ಐ ಅಕ್ಕಪಕ್ಕ ಬರುತ್ತವೆ. ಇಂಗ್ಲಿಷಿಗೆ ಅದು ಸಹ್ಯವಿಲ್ಲ, ಹಾಗಾಗಿ ಐ-ಇ ಎರಡನ್ನೂ ತೆಗೆದು ವೈ. ಲೈ, ಟೈ ಹೀಗೇ. ಸ್ಟಡಿ ಪದದ ವೈ ಇ-ಡಿ ಮುಂದೆ ಐ ಆಗಿ, ಐ-ಎನ್-ಜಿ ಮುಂದೆ ವೈ ಆಗಿಯೇ ಉಳಿಯುವುದೂ ಇದೇ ಕಾರಣಕ್ಕೆ.

ಸುಮ್ನೆ ಓದುಗ
ಸ್ಕೀಯಿಂಗ್‌ನಲ್ಲಿ ಎರಡು ಐ ಇದೆ.

ಹಳೇ ಮೇಷ್ಟ್ರು
ಇದೆ. ನಾರ್ವೆ ಭಾಷೆಯಿಂದ ಬಂದ ಪದ, ಮೂಲವೇ ಐ ಅಕ್ಷರದಿಂದ ಮುಗಿಯುತ್ತದೆ. ವಿಮಾನ ರನ್‌ವೇ ಕಡೆ ಉರುಳುವ ಟ್ಯಾಕ್ಸಿಯಿಂಗ್ ಕೂಡ ಹಾಗೇ.

ಪದಪ್ರೇಮಿ
ಪೇಡ್, ಲೇಡ್, ಸೆಡ್? ಪ್ಲೇ, ಒಬೇ ಪದಗಳಿಗೆ ವೈ ಉಳಿಸಿ ಇ-ಡಿ ಹಾಕುತ್ತೇವೆ. ಈ ಮೂರಕ್ಕೆ ಯಾಕಿಲ್ಲ?

ಪ್ರೂಫ್ ನೋಡುವವಳು
ತುಂಬಾ ಹಳೇ ಪದಗಳು, ಬಳಸಿ ಬಳಸಿ ಸವೆದಿವೆ. ಈ ಮೂರನ್ನು ಬಾಯಿಪಾಠ ಮಾಡಿ, ಬೇರೆ ದಾರಿ ಇಲ್ಲ. ಹಡಗಿನವರು ಹಗ್ಗ ಸಡಿಲ ಬಿಡುವುದಕ್ಕೂ ಪೇ ಅನ್ನುತ್ತಾರೆ. ಅಲ್ಲಿ ವೈ ಉಳಿಸಿ ಇ-ಡಿ ಹಾಕಿದ ರೂಪ ನಿಘಂಟಿನಲ್ಲಿದೆ. ಅದಕ್ಕೇ ಸಂಬಳ ಕೊಟ್ಟರು ಅನ್ನುವಲ್ಲಿ ಅದನ್ನು ಬರೆದರೆ ಕೆಲವು ಸ್ಪೆಲ್‌ಚೆಕ್‌ಗಳು ಬಾಯಿ ಬಿಡುವುದಿಲ್ಲ.

ಅಟ್ಲಾಂಟಿಕ್ ಆಚೆ
ಮೇಷ್ಟ್ರು ಮೊದಲೇ ಕೆ ಕಾವಲು ಅಂದರು, ಆಮೇಲೆ ಮರೆತರು. ಅದು ಪ್ಯಾನಿಕ್ ಅಲ್ವಾ?

ಹಳೇ ಮೇಷ್ಟ್ರು
ಅದೇ. ಸಿ ಮುಂದೆ ಇ, ಐ ಅಥವಾ ವೈ ಬಂದರೆ "ಸ" ಅಂತ ಓದುವುದು ರೂಢಿ. ಪ್ಯಾನಿಕ್‌ಗೆ ನೇರವಾಗಿ ಬಾಲ ಸೇರಿಸಿದರೆ "ಪ್ಯಾನಿಸ್ಡ್". ನಡುವೆ ಕೆ ನಿಲ್ಲಿಸಿದರೆ "ಕ" ಉಳಿಯುತ್ತದೆ. ಪಿಕ್‌ನಿಕ್, ಮಿಮಿಕ್, ಟ್ರಾಫಿಕ್ ಎಲ್ಲ ಹೀಗೇ.

ಕೀಬೋರ್ಡ್ ವೀರ
ಹೊಸ ಪದಗಳಿಗೆ ಯಾರು ನಿಯಮ ಮಾಡುತ್ತಾರೆ? ಬ್ಲಾಗ್, ವ್ಲಾಗ್, ಸ್ಪ್ಯಾಮ್?

ಪ್ರೂಫ್ ನೋಡುವವಳು
ಯಾರೂ ಮಾಡುವುದಿಲ್ಲ, ಜನರ ಕೈಯೇ ಮಾಡಿಬಿಡುತ್ತದೆ. ಬ್ಲಾಗ್, ವ್ಲಾಗ್‌ಗೆ ಜಿ ಎರಡು, ಸ್ಪ್ಯಾಮ್‌ಗೆ ಎಂ ಎರಡು. ಝೂಮ್‌ನಲ್ಲಿ ಓ ಎರಡಿದೆ, ಎಂ ಒಂದೇ. ಗೂಗಲ್‌ನ ಕೊನೆಯ ಇ ಬಿದ್ದುಹೋಗುತ್ತದೆ. ಈಮೇಲ್‌ಗೆ ಎಲ್ ಪ್ರೀತಿಯ ಬ್ರಿಟಿಷರೂ ಒಂದೇ ಎಲ್ ಬರೆಯುತ್ತಾರೆ, ಯಾಕೆಂದರೆ ಎಲ್ ಹಿಂದೆ ಎ, ಐ ಎರಡು ಸ್ವರಾಕ್ಷರ ಇವೆ.

ಪದಪ್ರೇಮಿ
ಕೊನೆಯದೊಂದು. ಫೋನ್ ಸಿಂಕ್ ಮಾಡುವುದು. ಸಿ ಅಕ್ಷರದಿಂದ ಮುಗಿಯುತ್ತದೆ, ಕೆ ಹಾಕಬೇಕಲ್ಲ?

ಪ್ರೂಫ್ ನೋಡುವವಳು
ಹಾಕುವುದಿಲ್ಲ. ನೇರವಾಗಿ ಇ-ಡಿ, ಐ-ಎನ್-ಜಿ ಸೇರಿಸುವುದೇ ಈಗ ಹೆಚ್ಚು ಚಾಲ್ತಿ. ಸಿ ಆದಮೇಲೆ ಎಚ್ ಇರುವ ರೂಪವೂ ನಿಘಂಟಿನಲ್ಲಿದೆ. ಕಮಾನಿನ ಹಾಗೆ ಬಾಗು ಅನ್ನುವ ಆರ್ಕ್ ಕೂಡ ಕೆ ಇಲ್ಲದೆಯೇ ನಡೆಯುತ್ತದೆ. ಮೇಷ್ಟ್ರ ಲೆಕ್ಕದಲ್ಲಿ ಎರಡಕ್ಕೂ ಕೆ ಬೇಕು, ಆದರೆ ಯಾರೂ ಕೇಳುತ್ತಿಲ್ಲ.

ಹಳೇ ಮೇಷ್ಟ್ರು
ಕೇಳಿದ್ದರೆ ಚೆನ್ನಾಗಿತ್ತು.